ಲೋಟಸ್ ನೋಟ್ಸೂ ಗುಮಾಸ್ತರೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಪಂಪನನ್ನೋ ಪುಲಿಕೇಶಿಯನ್ನೋ ನೆನೆಯುವುದು ವಾಡಿಕೆ. ಆ ಕೆಲಸಕ್ಕೆ ತಕ್ಕ ಪಂಡಿತರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ನಮಗೆ ತಿಳಿದದ್ದು ಕಡತ, ಕಂಪ್ಯೂಟರು, ಮತ್ತು ಇವೆರಡರ ನಡುವಿನ ಜಗಳ. ಆದಕಾರಣ ಕಚೇರಿಯ ಮಂದಿಯೆಲ್ಲ ಕೂಡಿ ಕೆಲಸ ಮಾಡಲೆಂದು ಹುಟ್ಟಿದ ಒಂದು ತಂತ್ರಾಂಶದ ಕಥೆಯನ್ನು ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಅದರ ಹೆಸರು ಲೋಟಸ್ ನೋಟ್ಸ್. ಹೆಸರು ಕೇಳಿದೊಡನೆ ಹಿಂದಿನ ಸಾಲಿನಿಂದ ಒಂದೆರಡು ನಿಟ್ಟುಸಿರು ಬಂದವು. ಅವರು ಅದನ್ನು ಬಳಸಿದವರೇ ಇರಬೇಕು.

ಮೊದಲು ಹೆಸರಿನ ವಿಚಾರ. ಅಮೆರಿಕದಲ್ಲಿ 1982ರಲ್ಲಿ ಲೋಟಸ್ ಕಂಪನಿಯನ್ನು ಕಟ್ಟಿದ ಮಿಚ್ ಕೇಪರ್ ಎಂಬವರು ಅದಕ್ಕೆ ಮುಂಚೆ ಮಹರ್ಷಿ ಮಹೇಶ ಯೋಗಿಗಳ ಪದ್ಧತಿಯ ಧ್ಯಾನವನ್ನು ಕಲಿಸುತ್ತಿದ್ದವರು. ಪದ್ಮಾಸನದ ನೆನಪಿಗೆ ಕಂಪನಿಗೆ ಆ ಹೆಸರಿಟ್ಟರು. ಪದ್ಮಾಸನದ ಹೆಸರು ಹೊತ್ತ ವಸ್ತು ಎಷ್ಟು ಕಚೇರಿಗಳಲ್ಲಿ ಎಷ್ಟು ಮಂದಿಯ ಮನಶ್ಶಾಂತಿಯನ್ನು ಕದಡಿತೆಂಬ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಆದರೆ ನೋಟ್ಸಿನ ಬೇರು ಇನ್ನೂ ಹಿಂದಿನದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಎಂಬ ದೊಡ್ಡ ಕಂಪ್ಯೂಟರ್ ವ್ಯವಸ್ಥೆಯಿತ್ತು. ಅದರ ದೋಷಗಳನ್ನು ಕಂಡವರು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಬರೆದವರಾರೆಂದು ತಿಳಿಯುತ್ತಿರಲಿಲ್ಲ; ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸಬಹುದಿತ್ತು. 1973ರಲ್ಲಿ ಡೇವಿಡ್ ವೂಲಿ ಎಂಬ 17 ವರ್ಷದ ಹುಡುಗ ಇದಕ್ಕೊಂದು ಉಪಾಯ ಮಾಡಿದ: ಪ್ರತಿ ಟಿಪ್ಪಣಿಗೂ ಬರೆದವನ ಹೆಸರು, ತಾರೀಖು, ಅದರ ಕೆಳಗೆ ಉತ್ತರಗಳ ಸಾಲು. ಅದನ್ನು ಕಂಡು ಬೆಳೆದ ವಿದ್ಯಾರ್ಥಿಗಳಲ್ಲಿ ರೇ ಓಝಿ ಒಬ್ಬರು. ಅವರು 1984ರಲ್ಲಿ ಐರಿಸ್ ಎಂಬ ಸಣ್ಣ ಸಂಸ್ಥೆ ಕಟ್ಟಿ, ಲೋಟಸ್ಸಿನ ಹಣದಿಂದ ಗೆಳೆಯರೊಡನೆ ಐದು ವರ್ಷ ದುಡಿದು, 1989ರಲ್ಲಿ ನೋಟ್ಸನ್ನು ಮಾರಾಟಕ್ಕೆ ತಂದರು. ಮೊದಲಿಗೇ 10,000 ಪ್ರತಿಗಳನ್ನು ಕೊಂಡವರು ಯಾರೆಂದು ಬಲ್ಲಿರಾ? ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧಕರು. ನಮ್ಮ ಪುಸ್ತಕಗಳಿಗೆ ಕೆಂಪು ಗೀಟು ಎಳೆಯುವ ಜಾತಿಯವರು ನಮಗಿಂತ ಮುಂಚೆ ಒಂದು ಒಳ್ಳೆಯ ವಸ್ತುವನ್ನು ಗುರುತಿಸಿದರೆಂಬುದನ್ನು ನಾವು ಸ್ವಲ್ಪ ಸಂಕಟದಿಂದಲೇ ಒಪ್ಪಬೇಕಾಗಿದೆ.

ಅದರ ಮಹಿಮೆ ಏನೆಂದರೆ ಇಷ್ಟು. ರಿಜಿಸ್ಟರು ಹೆಡ್ ಆಫೀಸಿನಲ್ಲಿ ಒಂದೇ ಇರುವುದಿಲ್ಲ. ಪ್ರತಿ ಶಾಖೆಯಲ್ಲೂ ಅದರ ಪೂರ್ಣ ಪ್ರತಿ ಇರುತ್ತದೆ. ಹಗಲೆಲ್ಲ ಅವರವರು ತಮ್ಮ ಪ್ರತಿಯಲ್ಲಿ ಬರೆಯಬಹುದು. ರಾತ್ರಿ ಒಂದು ಯಂತ್ರ ಇನ್ನೊಂದಕ್ಕೆ ಟೆಲಿಫೋನು ಮಾಡಿ, ಬದಲಾದುದನ್ನು ಮಾತ್ರ ಕೊಟ್ಟು ತೆಗೆದುಕೊಳ್ಳುತ್ತದೆ. ಬೆಳಿಗ್ಗೆಗೆ ಎಲ್ಲ ಪ್ರತಿಗಳೂ ಒಂದಾಗಿರುತ್ತವೆ. ಟೆಲಿಫೋನಿಗೆ ನಿಮಿಷಕ್ಕಿಷ್ಟೆಂದು ಹಣ ತೆರುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಇಬ್ಬರು ಒಂದೇ ಹಾಳೆಯನ್ನು ಎರಡು ಊರುಗಳಲ್ಲಿ ತಿದ್ದಿದರೆ? ಯಂತ್ರ ನ್ಯಾಯ ಹೇಳಲು ಹೋಗುವುದಿಲ್ಲ. ಎರಡನ್ನೂ ಉಳಿಸಿಕೊಂಡು, ಒಂದನ್ನು ಮೇಲಿಟ್ಟು, ಇನ್ನೊಂದನ್ನು ಅದರ ಕೆಳಗೆ ವಜ್ರಾಕಾರದ ಗುರುತು ಹಾಕಿ ಕೂರಿಸುತ್ತದೆ. ಮೇಲೆ ಕೂರುವ ಭಾಗ್ಯ ಯಾವುದಕ್ಕೆ? ಸರಿಯಾದುದಕ್ಕಲ್ಲ, ಹೆಚ್ಚು ಸಲ ತಿದ್ದಿಸಿಕೊಂಡದ್ದಕ್ಕೆ! ಇದನ್ನು ರೂಪಿಸಿದವರು ಸರ್ಕ್ಯುಲರುಗಳನ್ನು ಬಹಳ ಓದಿದವರಿರಬೇಕೆಂದು ನಮ್ಮ ಊಹೆ.

ಇನ್ನೊಂದು ವಿಚಿತ್ರವುಂಟು. ಹಾಳೆಯೊಂದನ್ನು ಅಳಿಸಿದರೆ ‘ಇದು ಅಳಿಸಿದೆ’ ಎಂಬ ಗುರುತು ಸಾಮಾನ್ಯವಾಗಿ 90 ದಿನ ಉಳಿದು, ಆಮೇಲೆ ತಾನೂ ಮರೆಯಾಗುತ್ತದೆ. ಅಷ್ಟೂ ದಿನ ಯಾರೊಡನೆಯೂ ಮಾತನಾಡದೆ ಮೂಲೆಯಲ್ಲಿದ್ದ ಪ್ರತಿಯೊಂದು ಒಂದು ದಿನ ಹಠಾತ್ತನೆ ಬಂದು ಸೇರಿದರೆ, ಅಳಿಸಿದ ಹಾಳೆಗಳೆಲ್ಲ ಮತ್ತೆ ಜೀವ ತಳೆದು ಎಲ್ಲ ಪ್ರತಿಗಳಿಗೂ ಹಬ್ಬುತ್ತವೆ. ಹತ್ತು ವರ್ಷದ ಮೇಲೆ ಊರಿನಿಂದ ಬಂದ ದೊಡ್ಡಪ್ಪನವರು, ನಾವೆಲ್ಲ ಮರೆತುಬಿಟ್ಟಿದ್ದ ಬಾವಿಕಟ್ಟೆಯ ವ್ಯಾಜ್ಯವನ್ನು ಊಟದ ಎಲೆಯ ಮುಂದೆ ಎತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಳಸುವವರ ಬಯ್ಗುಳಕ್ಕೆ ಕಾರಣಗಳು ಬೇರೆ ಇದ್ದವು. ಲೋಕದ ಮಿಕ್ಕ ತಂತ್ರಾಂಶಗಳಲ್ಲಿ ಎಫ್5 ಎಂಬ ಕೀಲಿಯನ್ನು ಒತ್ತಿದರೆ ಪರದೆ ಹೊಸದಾಗುತ್ತದೆ. ನೋಟ್ಸಿನಲ್ಲಿ ಒತ್ತಿದರೆ ಬಾಗಿಲು ಹಾಕಿಕೊಂಡು ‘ಮತ್ತೆ ಪಾಸ್‌ವರ್ಡ್ ಹೇಳು’ ಎನ್ನುತ್ತಿತ್ತು. ಪಾಸ್‌ವರ್ಡನ್ನು ಬರೆಯುತ್ತ ಹೋದಂತೆ ಪಕ್ಕದಲ್ಲಿ ಈಜಿಪ್ಟಿನ ಚಿತ್ರಲಿಪಿ ಒಂದೊಂದಾಗಿ ಬದಲಾಗುತ್ತಿತ್ತು. ಇದು ಅಲಂಕಾರವಲ್ಲ. ಕಳ್ಳ ಕಿಟಕಿಯೊಂದು ನೋಟ್ಸಿನ ವೇಷದಲ್ಲಿ ಬಂದು ಪಾಸ್‌ವರ್ಡ್ ಕೇಳಿದರೆ, ಚಿತ್ರಗಳು ಎಂದಿನಂತಿಲ್ಲವೆಂದು ಬಳಸುವವನಿಗೆ ತಿಳಿಯಲೆಂಬ ಎಚ್ಚರಿಕೆ. ಆದರೆ ಹೊಸದಾಗಿ ಸೇರಿದವರಿಗೆ ಇದನ್ನು ಹೇಳುವವರಾರು? ಅವರು ಚಿತ್ರಗಳನ್ನು ನೋಡುತ್ತ ಕುಳಿತು ಪಾಸ್‌ವರ್ಡನ್ನೇ ಮರೆಯುತ್ತಿದ್ದರು.

ಇಷ್ಟು ಬಯ್ಯಿಸಿಕೊಂಡ ವಸ್ತುವಿಗೆ ಭಕ್ತರೂ ಅಷ್ಟೇ ಮಂದಿ. 1993ರಿಂದ ಲೋಟಸ್ ಕಂಪನಿಯವರು ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಅವರಿಗಾಗಿ ಲೋಟಸ್‌ಸ್ಫಿಯರ್ ಎಂಬ ಜಾತ್ರೆ ನಡೆಸಿದರು. ಅಲ್ಲಿ ತಂತ್ರಾಂಶವನ್ನು ಬರೆದವರನ್ನೇ ವೇದಿಕೆಯ ಮೇಲೆ ಸಾಲಾಗಿ ಕೂರಿಸಿ, ಬಳಸುವವರು ಸರದಿಯಲ್ಲಿ ನಿಂತು ಪ್ರಶ್ನೆ ಕೇಳುವ ಒಂದು ಕಲಾಪವಿತ್ತು. ಇಂಥ ಪಂಕ್ತಿಯಲ್ಲಿ ನಿಂತು ‘ಸ್ವಾಮಿ, ಈ ಎಫ್5 ಯಾಕೆ ಹೀಗೆ?’ ಎಂದು ಮುಖಾಮುಖಿ ಕೇಳುವ ಅವಕಾಶ ನಮ್ಮ ವೃತ್ತಿಯಲ್ಲಿ ಯಾವ ಫಾರಂ ರಚಿಸಿದವರೂ ಕೊಟ್ಟದ್ದಿಲ್ಲ. ತಾವು ಮಾಡಿದ ಚಿಕ್ಕ ಚಿಕ್ಕ ಸಲಕರಣೆಗಳನ್ನು ಪುಕ್ಕಟೆ ಹಂಚಿಕೊಳ್ಳಲು ಆ ಭಕ್ತರೇ 2001ರಲ್ಲಿ ಓಪನ್‌ಎನ್‌ಟಿಎಫ್ ಎಂಬ ಕೂಟ ಕಟ್ಟಿದರು. ಹೀಗೆ ಸೇರುವುದಕ್ಕೂ ನಾವು ಪರಸ್ಥಳದಲ್ಲಿ ಈ ಸಂಘದಲ್ಲಿ ಸೇರುವುದಕ್ಕೂ ಬಹಳ ವ್ಯತ್ಯಾಸ ನಮಗಂತೂ ಕಾಣುವುದಿಲ್ಲ. ವರ್ಗಣಿ ವಸೂಲಿಯ ಕಷ್ಟ ಮಾತ್ರ ಅವರಿಗಿರಲಿಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಮೇಲಧಿಕಾರಿಗಳ ಕಣ್ಣಿಗೆ ನೋಟ್ಸ್ ಎಂದರೆ ಟಪಾಲು, ಅಂದರೆ ಮೇಲ್. ಗುಮಾಸ್ತರಿಗೆ ಅದು ರಿಜಿಸ್ಟರು. ತಯಾರಿದ್ದ ಮಾದರಿಯೊಂದನ್ನು ತೆಗೆದುಕೊಂಡು, ನಾಲ್ಕು ಸೂತ್ರ ಬರೆದು, ತಮ್ಮ ಮೇಜಿಗೆ ಬೇಕಾದ ಪುಸ್ತಕವನ್ನು ಅವರೇ ಮಾಡಿಕೊಳ್ಳಬಹುದಿತ್ತು: ಆವಕ-ಜಾವಕ, ರಜೆಯ ಅರ್ಜಿ, ಬೀಗದ ಕೈಗಳ ಪಟ್ಟಿ. ನಾವು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರು ತೀರಿಕೊಂಡ ಖಾತೆದಾರರ ಕ್ಲೇಮುಗಳಿಗೆ ಇಂಥದೊಂದು ರಿಜಿಸ್ಟರು ಮಾಡಿದ್ದರು. ಯಾವ ಮನೆಯವರಿಂದ ಯಾವ ಕಾಗದ ಕೇಳಿದೆ, ಯಾವುದು ಬಂದಿದೆ, ಎಂದು ಬಂದಿದೆ, ಯಾರು ಪಡೆದರು, ಎಲ್ಲವೂ ಅದರಲ್ಲಿ. ಅವರು ಅದಕ್ಕೆ ಒಂದು ಅಂಕಣ ಹೆಚ್ಚಾಗಿ ಸೇರಿಸಿದ್ದರು: ‘ಮತ್ತೆ ಕೇಳಬಾರದು.’ ಗಂಡನನ್ನು ಕಳೆದುಕೊಂಡ ಹೆಂಗಸು ಮರಣಪತ್ರವನ್ನು ಕೌಂಟರಿನಿಂದ ಕೌಂಟರಿಗೆ ಎರಡನೆಯ ಸಲ ಹೊತ್ತು ತಿರುಗಬಾರದೆಂಬುದಷ್ಟೇ ಅವರ ಉದ್ದೇಶ. ಯಾರೂ ಅವರಿಗೆ ಇದನ್ನು ಮಾಡೆಂದು ಹೇಳಿರಲಿಲ್ಲ.

ಆಮೇಲೆ ಮೇಲಿನಿಂದ ಅಪ್ಪಣೆಯಾಯಿತು, ವ್ಯವಸ್ಥೆ ಬದಲಾಯಿತು. ಟಪಾಲೆಲ್ಲ ಹೊಸ ವ್ಯವಸ್ಥೆಗೆ ಸುರಕ್ಷಿತವಾಗಿ ಬಂದು ಸೇರಿತು. ಹಿಂದಿನ ದೀಪಾವಳಿಯ ಶುಭಾಶಯಗಳು ಸಹ ಬಂದವು. ರಿಜಿಸ್ಟರು ಬರಲಿಲ್ಲ. ಅದರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಹಿರಿಯರು ಆಗಲೇ ನಿವೃತ್ತರು. ಮುಂದಿನ ಕೆಲವು ತಿಂಗಳು ಕೌಂಟರಿನಲ್ಲಿ ಕುಳಿತ ನಾವು, ಕೊಟ್ಟ ಕಾಗದವನ್ನೇ ಮತ್ತೊಮ್ಮೆ ಕೊಡಿರೆಂದು ಜನರನ್ನು ಕೇಳಬೇಕಾಯಿತು. ‘ಹೋದ ಸಲ ನೀವೇ ತೆಗೆದುಕೊಂಡಿರಲ್ಲ’ ಎಂದು ಒಬ್ಬ ಮುದುಕಿ ಮೆಲ್ಲನೆ ಹೇಳಿದಾಗ, ಕೂಡಿ ಕೆಲಸ ಮಾಡುವ ಹೊಸ ವ್ಯವಸ್ಥೆ ನಮಗೆ ಯಾವ ಉತ್ತರವನ್ನೂ ಒದಗಿಸಲಿಲ್ಲ.

ನಮ್ಮಲ್ಲಿ ಹೊರಟುಹೋದರೂ ನೋಟ್ಸ್ ಸತ್ತಿಲ್ಲ, ಮಹನೀಯರೇ. 1995ರಲ್ಲಿ ಐಬಿಎಂ ಲೋಟಸ್ಸನ್ನು 350 ಕೋಟಿ ಡಾಲರಿಗೆ ಕೊಂಡಿತು. 2013ರಲ್ಲಿ ಹೆಸರಿನಿಂದ ಕಮಲವನ್ನು ಕಿತ್ತುಹಾಕಿತು. 2018ರ ಡಿಸೆಂಬರಿನಲ್ಲಿ ನೋಟ್ಸನ್ನೂ ಅದರ ಜೊತೆಯ ಇನ್ನು ಕೆಲವನ್ನೂ 180 ಕೋಟಿ ಡಾಲರಿಗೆ ಕೊಳ್ಳಲು ಮುಂದೆ ಬಂದವರು ನಮ್ಮ ದೇಶದ, ನೋಯ್ಡಾದ ಎಚ್‌ಸಿಎಲ್‌ನವರು. 2019ರ ಜುಲೈಯಲ್ಲಿ ಕೈ ಬದಲಾಯಿತು. ಆಮೇಲೆಯೂ ಹೊಸ ಆವೃತ್ತಿಗಳು ಬಂದಿವೆ. ಪದ್ಮಾಸನದ ಹೆಸರಿನಲ್ಲಿ ಅಲ್ಲಿ ಹುಟ್ಟಿದ್ದು, ಹೆಸರು ಕಳೆದುಕೊಂಡು ಇಲ್ಲಿಗೆ ಬಂದಿತು.

ಈ ಸಭೆಯಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ತರುಣ ತರುಣಿಯರು ಬಹಳ ಮಂದಿ ಇದ್ದೀರಿ. ಹಳೆಯ ವ್ಯವಸ್ಥೆ ತೆಗೆದು ಹೊಸದನ್ನು ಕೂರಿಸುವ ಕೆಲಸ ನಿಮ್ಮಲ್ಲಿ ಯಾರಿಗಾದರೂ ಬರುವುದುಂಟು. ಆಗ ಮ್ಯಾನೇಜರು ಕೊಟ್ಟ ಪಟ್ಟಿಯನ್ನು ಓದಿದ ಮೇಲೆ ಒಂದು ಗಳಿಗೆ ಕೌಂಟರಿನ ಹಿಂದೆ ಬಂದು ನಮ್ಮನ್ನೂ ಕೇಳಿರಿ. ನಾವು ಚಹಾ ತರಿಸುತ್ತೇವೆ.