ಅಪ್ಪ–ಅಮ್ಮ ಫಾರಿನ್‌ಗೆ, ಮಕ್ಕಳು ಊರಲ್ಲಿ!



ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ಮಗನೋ ಮಗಳೋ ವಿದೇಶಕ್ಕೆ ಹೋಗ್ತಾರೆ, ಅಪ್ಪ–ಅಮ್ಮ ಊರಲ್ಲಿ ಫೋನ್‌ಗಾಗಿ ಕಾಯ್ತಾರೆ. ಇವತ್ತು ಹೇಳೋದು ಇದರ ಉಲ್ಟಾ ಕಥೆ. ಇಲ್ಲಿ ವಿಮಾನ ಹತ್ತೋದು ಅಜ್ಜ–ಅಜ್ಜಿ. ಕಾಯೋದು ಮಕ್ಕಳು, ಮೊಮ್ಮಕ್ಕಳು.

ಮಿಷನರಿ ಅಂದ ತಕ್ಷಣ ನಮಗೆ ನೆನಪಾಗೋದು ಬಾಸೆಲ್ ಮಿಷನ್. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಹರ್ಮನ್ ಮೊಗ್ಲಿಂಗ್, ಕನ್ನಡಕ್ಕೆ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್. ಇಬ್ಬರೂ ಭಾರತಕ್ಕೆ ಬಂದಾಗ ಇಪ್ಪತ್ತರ ಹರೆಯದವರು. ಆದ್ರೆ ಅಮೆರಿಕದ ಯೂಟಾ ರಾಜ್ಯದಲ್ಲಿ ಕೇಂದ್ರ ಕಚೇರಿ ಇರೋ ಒಂದು ಚರ್ಚ್ ಇದೆ. ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಜನ ‘ಮಾರ್ಮನ್’ ಅಂತ ಕರೀತಾರೆ. ಅಲ್ಲಿ ಹದಿನೆಂಟರ ಹುಡುಗರ ಜೊತೆಗೆ ನಿವೃತ್ತ ದಂಪತಿಗಳೂ ಮಿಷನ್‌ಗೆ ಹೋಗ್ತಾರೆ. ಕೆಲವರು ಆರು ತಿಂಗಳು, ಕೆಲವರು ಒಂದೂವರೆ–ಎರಡು ವರ್ಷ. ಸಂಬಳ ಇಲ್ಲ. ಉಳಿತಾಯದ ದುಡ್ಡಲ್ಲಿ, ಪಿಂಚಣಿಯಲ್ಲಿ ಖರ್ಚು ನಡೀಬೇಕು. ಎಲ್ಲಿಗೆ ಹೋಗೋಕೆ ಇಷ್ಟ ಅಂತ ಹೇಳಬಹುದು. ಕೊನೆಗೆ ಎಲ್ಲಿಗೆ ಅಂತ ತೀರ್ಮಾನ ಮಾಡೋದು ಚರ್ಚ್.

ಇವರು ಮನೆಮನೆ ಬಾಗಿಲು ತಟ್ಟೋದು ಕಡಿಮೆ. ಆಫೀಸ್ ಲೆಕ್ಕಪತ್ರ, ಗಾಲಿಕುರ್ಚಿ ವಿತರಣೆ, ಕುಡಿಯೋ ನೀರಿನ ಯೋಜನೆಗಳ ಉಸ್ತುವಾರಿ, ಇಂಥ ಕೆಲಸ. ಇನ್ನೊಂದು ಕೆಲಸವೂ ಇದೆ. ಮೊದಲ ಸಲ ಮನೆ ಬಿಟ್ಟು ಬಂದ ಯುವ ಮಿಷನರಿಗಳ ರೂಮಿಗೆ ಹೋಗಿ, ಸ್ವಚ್ಛವಾಗಿದೆಯಾ ಅಂತ ನೋಡೋದು. ಅಮ್ಮನ ನೆನಪಾಗಿ ಮಂಕಾಗಿರೋ ಹುಡುಗನಿಗೆ ಊಟ ಹಾಕೋದು. ತಮಾಷೆ ಅಂದ್ರೆ, ಆ ಹದಿನೆಂಟರ ಹುಡುಗನ ಎದೆ ಮೇಲಿನ ಕಪ್ಪು ಪಟ್ಟಿಯಲ್ಲೂ ‘ಎಲ್ಡರ್’ ಅಂತಲೇ ಇರುತ್ತೆ, ಎಪ್ಪತ್ತರ ಅಜ್ಜನ ಪಟ್ಟಿಯಲ್ಲೂ ‘ಎಲ್ಡರ್’!

ಸರಿ, ಕಷ್ಟ ಎಲ್ಲಿದೆ? ಕೀನ್ಯಾದ ನೈರೋಬಿಯನ್ನೇ ಉದಾಹರಣೆಗೆ ತಗೊಳ್ಳಿ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸಬೇಕು. ಐವತ್ತು ವರ್ಷ ಬಲಗಡೆ ಓಡಿಸಿದವರಿಗೆ ಪ್ರತಿ ಸರ್ಕಲ್‌ನಲ್ಲೂ ಎದೆ ಢವಢವ. ಕರೆಂಟ್ ಹೋಗುತ್ತೆ, ಕುಡಿಯೋ ನೀರನ್ನ ಶುದ್ಧ ಮಾಡ್ಕೋಬೇಕು. ಇವಕ್ಕೆಲ್ಲ ಒಂದು ತಿಂಗಳಲ್ಲಿ ಒಗ್ಗಿಹೋಗ್ತಾರೆ ಅನ್ನಿ.

ಎರಡನೇದು ಆರೋಗ್ಯ. ಅಮೆರಿಕದಲ್ಲಿ 65 ದಾಟಿದವರಿಗೆ ‘ಮೆಡಿಕೇರ್’ ಅನ್ನೋ ಸರ್ಕಾರಿ ವಿಮೆ ಇದೆ. ದೇಶದ ಗಡಿ ದಾಟಿದ್ರೆ ಅದು ಸಾಮಾನ್ಯವಾಗಿ ನಡೆಯಲ್ಲ. ಅಂದ್ರೆ ವಿಮೆ ಅತಿ ಹೆಚ್ಚು ಬೇಕಾಗೋ ವಯಸ್ಸಿನಲ್ಲೇ ಹೊಸ ವಿಮೆ ಹುಡುಕಬೇಕು. ಬಿಪಿ ಮಾತ್ರೆ ಅಲ್ಲಿ ಬೇರೆ ಬ್ರ್ಯಾಂಡ್ ಹೆಸರಲ್ಲಿ ಸಿಗುತ್ತೆ. ಔಷಧದ ಮೂಲ ಹೆಸರು ಗೊತ್ತಿಲ್ಲದಿದ್ರೆ ಮೆಡಿಕಲ್ ಶಾಪ್‌ನಲ್ಲಿ ಕೈಸನ್ನೆ ಮಾಡಬೇಕು, ಅಷ್ಟೆ.

ಮೂರನೇದು, ಯಾರೂ ಮೊದಲೇ ಹೇಳದೇ ಇರೋದು: ಗಂಡ–ಹೆಂಡತಿ ದಿನದ 24 ಗಂಟೆಯೂ ಒಟ್ಟಿಗೇ ಇರಬೇಕು. ನಲವತ್ತು ವರ್ಷ ಸಂಸಾರ ಮಾಡಿರ್ತಾರೆ, ನಿಜ. ಆದ್ರೆ ಹಗಲಲ್ಲಿ ಅವರದು ಆಫೀಸು, ಇವರದು ಮನೆ, ಗೆಳತಿಯರು. ಈಗ ಒಂದೇ ಫ್ಲಾಟು, ಒಂದೇ ಕಾರು, ಒಂದೇ ಕೆಲಸ. ಕೋಪ ಬಂದ್ರೆ ಹೋಗಿ ಕೂರೋಕೆ ತಂಗಿ ಮನೆ ಇಲ್ಲ. ಕೆಲವರಿಗೆ ಇದು ಹೊಸದಾಗಿ ಮದುವೆಯಾದಷ್ಟೇ ಚೆಂದ. ಕೆಲವರಿಗೆ ಅಷ್ಟೇ ಕಷ್ಟ.

ಎಲ್ಲಕ್ಕಿಂತ ಭಾರವಾದದ್ದು ನಾಲ್ಕನೇದು. ನೈರೋಬಿಗೂ ಯೂಟಾಗೂ 9–10 ಗಂಟೆಗಳ ವ್ಯತ್ಯಾಸ. ಇಲ್ಲಿ ಬೆಳಗಿನ ಹೊತ್ತಿಗೆ ಅಲ್ಲಿ ಮೊಮ್ಮಗು ಮಲಗೋ ಹೊತ್ತು. ಆ ಮಗು ಮೊದಲ ಹೆಜ್ಜೆ ಇಡೋದನ್ನ ಇವರು ವಿಡಿಯೊದಲ್ಲಿ ನೋಡ್ತಾರೆ. ತೊಂಬತ್ತು ದಾಟಿದ ತಾಯಿ ಊರಲ್ಲಿದ್ರೆ, ರಾತ್ರಿ ಫೋನ್ ರಿಂಗಾದಾಗೆಲ್ಲ ಕೈ ನಡುಗುತ್ತೆ. ಅರವತ್ತೈದರಲ್ಲಿ ಮನೆ ಬಿಟ್ಟವರಿಗೆ ಮೇಲೆ ಅಪ್ಪ–ಅಮ್ಮ, ಕೆಳಗೆ ಮಕ್ಕಳು–ಮೊಮ್ಮಕ್ಕಳು, ಎರಡೂ ಕಡೆಯ ಚಿಂತೆ. ಇಪ್ಪತ್ತರಲ್ಲಿ ಹೊರಟವರಿಗೆ ಊರು ಕಾಯುತ್ತೆ ಅನ್ನೋ ಧೈರ್ಯ ಇರುತ್ತೆ. ಇವರಿಗೆ ಆ ಧೈರ್ಯ ಇಲ್ಲ. ಆದ್ರೂ ಹೊರಡ್ತಾರೆ. ನಂಬಿಕೆ ಮುಖ್ಯ ಕಾರಣ. ಅದರ ಜೊತೆಗೆ, ನಿವೃತ್ತಿ ಆದಮೇಲೂ ನಮ್ಮಿಂದ ಯಾರಿಗೋ ಉಪಯೋಗ ಇದೆ ಅನ್ನೋ ಆಸೆಯೂ ಇರುತ್ತೆ.

ಇದರಲ್ಲಿ ನಮಗೇನು ಅಂತೀರಾ? ಮಗಳ ಬಾಣಂತನಕ್ಕೆ ಅಂತ ಡಲ್ಲಾಸ್‌ಗೋ ಸ್ಯಾನ್ ಹೋಸೆಗೋ ಹೋಗೋ ನಮ್ಮ ಅಪ್ಪ–ಅಮ್ಮಂದಿರ ಪಾಡೂ ಹೆಚ್ಚುಕಮ್ಮಿ ಇದೇ. ವಿಮೆಯ ಚಿಂತೆ, ಕಾರಿಲ್ಲದೆ ಹಾಲೂ ತರೋಕಾಗದ ಬಡಾವಣೆ, ಇಬ್ಬರೇ ಕೂತ ಉದ್ದನೆಯ ಮಧ್ಯಾಹ್ನ. ನಾವು ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ: ‘ಹೇಗಿದೆ ಅಮೆರಿಕ, ಎಲ್ಲೆಲ್ಲಿ ಸುತ್ತಾಡಿದ್ರಿ?’

ನಿಮ್ಮ ಮನೆಯಿಂದ ಯಾರಾದ್ರೂ ಹಿರಿಯರು ಹೀಗೆ ಹೊರಟಿದ್ರೆ ಮೂರು ಕೆಲಸ ಮಾಡಿ. ವಿಮೆಯಲ್ಲಿ ಈಗಾಗಲೇ ಇರೋ ಕಾಯಿಲೆಗೆ ರಕ್ಷಣೆ ಇದೆಯಾ ಅಂತ ಓದಿ ನೋಡಿ. ಅವರ ಮಾತ್ರೆಗಳ ಮೂಲ ಹೆಸರು ಬರೆದು ಅವರ ಫೋನಲ್ಲೂ ಪರ್ಸಲ್ಲೂ ಇಡಿ. ಮೂರನೇದು, ಅಮ್ಮನಿಗೂ ಅಪ್ಪನಿಗೂ ಬೇರೆಬೇರೆಯಾಗಿ ಫೋನ್ ಮಾಡಿ. ಸ್ಪೀಕರ್‌ನಲ್ಲಿ ಹಾಕಿದ್ರೆ ಇಬ್ಬರೂ ‘ನಾವು ಚೆನ್ನಾಗಿದೀವಿ’ ಅಂತಲೇ ಹೇಳ್ತಾರೆ. ನಿಜ ಗೊತ್ತಾಗೋದು ಒಬ್ಬೊಬ್ಬರೇ ಮಾತಾಡಿದಾಗ.