ಪುಟ್ಟ ವಿಮಾನದ ಇಂಧನ, ದೊಡ್ಡ ಕಾಡಿನ ಲೆಕ್ಕ

(ಮಲೆನಾಡಿನ ವಿದ್ಯಾರ್ಥಿಗಳ ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕಾಡು, ನೀರು, ಗೋಮಾಳಗಳ ಚರ್ಚೆ ನಡೆಯುವ ಈ ವೇದಿಕೆಯಲ್ಲಿ ಮಾದರಿ ವಿಮಾನದ ಎಂಜಿನ್ನಿಗೆ ಏನು ಕೆಲಸ? ಆದರೆ ಎನ್‌ಸಿಸಿಯ ವಾಯುದಳ ಶಾಖೆಯಲ್ಲಿರುವ ವಿದ್ಯಾರ್ಥಿಗಳು ಮಾದರಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಯುತ್ತಾರೆ. ಅವರು ಕೇಳುವ ಪ್ರಶ್ನೆಯೊಂದು ನಮ್ಮೆಲ್ಲರಿಗೂ ಸಂಬಂಧಿಸಿದ್ದು: ಈ ಪುಟ್ಟ ಎಂಜಿನ್ನನ್ನು ಗಿಡಮರಗಳಿಂದ ದೊರೆಯುವ ಇಂಧನದಿಂದಲೇ ಓಡಿಸಲು ಸಾಧ್ಯವೇ?

ಸಾಧ್ಯ ಎಂಬುದು ಚಿಕ್ಕ ಉತ್ತರ. ಯಾವ ಗಿಡದಿಂದ, ಯಾರ ನೆಲದಿಂದ, ಎಷ್ಟು ಪ್ರಮಾಣದಲ್ಲಿ ಎಂದು ಕೇಳದೆ ಆ ಉತ್ತರವನ್ನು ಒಪ್ಪಬಾರದು ಎಂಬುದು ದೊಡ್ಡ ಉತ್ತರ. ಈ ಎರಡನ್ನೂ ಕ್ರಮವಾಗಿ ನಿಮ್ಮ ಮುಂದಿಡುತ್ತೇನೆ.

ಎಂಜಿನ್ನಿನ ಹೊಟ್ಟೆಯೊಳಗೆ

ಮಾದರಿ ವಿಮಾನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಂಜಿನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಗ್ಲೋ ಎಂಜಿನ್. 1947ರ ಸುಮಾರಿಗೆ ಅಮೆರಿಕದ ರೇ ಆರ್ಡೆನ್ ಇದರ ಗ್ಲೋ ಪ್ಲಗ್ಗನ್ನು ಬಳಕೆಗೆ ತಂದರು. ಇದರಲ್ಲಿ ಸ್ಕೂಟರಿನ ಹಾಗೆ ಕಿಡಿ ಹಾರುವುದಿಲ್ಲ. ಪ್ಲಗ್ಗಿನಲ್ಲಿ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ ಇರುತ್ತದೆ. ಆರಂಭದಲ್ಲಿ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿಯನ್ನು ತೆಗೆದುಬಿಡಬಹುದು. ಮೆಥನಾಲಿನ ಆವಿಯು ಪ್ಲಾಟಿನಂ ಮೇಲೆ ತಾನಾಗಿಯೇ ಉತ್ಕರ್ಷಣಗೊಂಡು ಸುರುಳಿಯನ್ನು ಕೆಂಪಾಗಿಯೇ ಉಳಿಸುತ್ತದೆ. ಆದ್ದರಿಂದ ಇಲ್ಲಿ ಮೆಥನಾಲ್ ಇಂಧನವೂ ಹೌದು, ದಹನದ ಕೀಲಿಕೈಯೂ ಹೌದು.

ಅಂತರರಾಷ್ಟ್ರೀಯ ಸ್ಪರ್ಧೆಗಳ ಹಲವು ವಿಭಾಗಗಳಲ್ಲಿ ನಿಗದಿಯಾಗಿರುವ ಮಿಶ್ರಣ ಸರಳವಾದದ್ದು: ನೂರರಲ್ಲಿ 80 ಭಾಗ ಮೆಥನಾಲ್, 20 ಭಾಗ ಎಣ್ಣೆ. ಹವ್ಯಾಸಿಗಳು ಹೆಚ್ಚಿನ ಶಕ್ತಿಗಾಗಿ ಇದಕ್ಕೆ ನೈಟ್ರೋಮೀಥೇನ್ ಸೇರಿಸುವುದುಂಟು. ಅದು ಪೆಟ್ರೋರಸಾಯನ ಉದ್ಯಮದ ಸರಕು. ಅದಿಲ್ಲದೆಯೂ ಎಂಜಿನ್ ಓಡುತ್ತದೆಯಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ಎರಡನೆಯದು ಮಾದರಿ ಡೀಸೆಲ್ ಎಂಜಿನ್. ಇದಕ್ಕೆ ಪ್ಲಗ್ ಕೂಡ ಬೇಡ. ಒತ್ತಡದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಗಳನ್ನು ಸರಿಸುಮಾರು ಸಮಪಾಲಿನಲ್ಲಿ ಬೆರೆಸುವುದು ಇದರ ಹಳೆಯ ಕ್ರಮ. ಬೇಗ ಹೊತ್ತಿಕೊಳ್ಳುವುದು ಈಥರಿನ ಕೆಲಸ, ಶಕ್ತಿ ಕೊಡುವುದು ಸೀಮೆಎಣ್ಣೆಯ ಕೆಲಸ, ಸವೆತ ತಡೆಯುವುದು ಹರಳೆಣ್ಣೆಯ ಕೆಲಸ.

ಹರಳೆಣ್ಣೆ ಎಂಬ ಹಳೆಯ ಸಂಗಾತಿ

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಸ್ಯಮೂಲದ ವಸ್ತುವನ್ನು ನಾವು ಹೊಸದಾಗಿ ಈ ಎಂಜಿನ್ನಿಗೆ ತರಬೇಕಾಗಿಲ್ಲ. ಅದು ಮೊದಲಿನಿಂದಲೂ ಅಲ್ಲಿದೆ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯಿಂದಲೇ ನಡೆಯುತ್ತಿದ್ದವು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ.

ಹೊಂಗೆ ಎಣ್ಣೆ, ತೆಂಗಿನೆಣ್ಣೆಗಳನ್ನು ಬಿಟ್ಟು ಹರಳೆಣ್ಣೆಯೇ ಏಕೆ? ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ಸುಮಾರು 85ರಿಂದ 90 ಭಾಗ ರಿಸಿನೋಲಿಯಿಕ್ ಆಮ್ಲ. ಈ ಆಮ್ಲದ ಸರಪಳಿಯ ನಡುವೆ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಆ ಗುಂಪಿನಿಂದಾಗಿ ಹರಳೆಣ್ಣೆ ಮದ್ಯಸಾರಗಳಲ್ಲಿ ಕರಗುತ್ತದೆ. ಉಳಿದ ಸಾಮಾನ್ಯ ಎಣ್ಣೆಗಳು ಹಾಗೆ ಕರಗದೆ ಬೇರೆಯಾಗಿ ನಿಲ್ಲುತ್ತವೆ. ಅದೇ ಗುಂಪಿನಿಂದ ಅದಕ್ಕೆ ದಪ್ಪನೆಯ ಜಿಗುಟು. ಎಂಜಿನ್ ಅತಿಯಾಗಿ ಕಾದಾಗಲೂ ಅದು ಲೋಹವನ್ನು ಬಿಟ್ಟು ಓಡುವುದಿಲ್ಲ. ಗಟ್ಟಿಯಾದ ಪದರವಾಗಿ ಅಂಟಿಕೊಂಡು ಕಾಪಾಡುತ್ತದೆ. ಆ ಅಂಟನ್ನು ಆಗಾಗ ತೊಳೆಯಬೇಕಾಗುವುದೇ ಅದರ ದೋಷ. ಇನ್ನು ಈ ಎಂಜಿನ್ನುಗಳು ಎಣ್ಣೆಯ ಬಹುಭಾಗವನ್ನು ಸುಡದೆ ಹೊಗೆಕೊಳವೆಯಿಂದ ಹೊರಚೆಲ್ಲುತ್ತವೆ. ಅದು ಬೀಳುವುದು ನಮ್ಮ ಗದ್ದೆಬಯಲಿನ ಮೇಲೆ. ಮಣ್ಣಿನ ಸೂಕ್ಷ್ಮಜೀವಿಗಳು ಹರಳೆಣ್ಣೆಯನ್ನು ಸುಲಭವಾಗಿ ಕರಗಿಸಿಕೊಳ್ಳಬಲ್ಲವು.

ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿ, ಇದನ್ನು ಪರೀಕ್ಷಿಸಬಹುದು. ಎರಡು ಪ್ರನಾಳಗಳಲ್ಲಿ ಶೇಕಡಾ 95ರ ಎಥನಾಲ್ ತೆಗೆದುಕೊಳ್ಳಿ. ಒಂದಕ್ಕೆ ಸ್ವಲ್ಪ ಹರಳೆಣ್ಣೆ, ಇನ್ನೊಂದಕ್ಕೆ ಅಷ್ಟೇ ತೆಂಗಿನೆಣ್ಣೆ ಹಾಕಿ ಕುಲುಕಿ. ಒಂದು ಬೆರೆಯುತ್ತದೆ, ಇನ್ನೊಂದು ಬೇರೆಯಾಗಿ ನಿಲ್ಲುತ್ತದೆ. ಹತ್ತಿರದಲ್ಲಿ ಬೆಂಕಿ ಇರಕೂಡದು.

ಬದಲಿ ಯಾವುದು?

ಇನ್ನು ಉಳಿದದ್ದು 80 ಭಾಗ ಮೆಥನಾಲ್. ಇಂದು ಜಗತ್ತಿನಲ್ಲಿ ಅದು ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಇದರ ಬದಲಿಗೆ ಕಬ್ಬಿನಿಂದ ಬರುವ ಎಥನಾಲನ್ನು ಬಳಸಬಹುದೇ? ಎಥನಾಲಿನಲ್ಲಿ ಶಕ್ತಿ ಹೆಚ್ಚು: ಕಿಲೋ ಮೆಥನಾಲಿನಲ್ಲಿ ಸುಮಾರು 20 ಮೆಗಾಜೂಲ್ ಇದ್ದರೆ, ಎಥನಾಲಿನಲ್ಲಿ ಸುಮಾರು 27. ಹರಳೆಣ್ಣೆಯೂ ಅದರಲ್ಲಿ ಬೆರೆಯುತ್ತದೆ. ಆದರೆ ಪ್ಲಾಟಿನಂ ಮೇಲೆ ಎಥನಾಲ್ ಮೆಥನಾಲಿನಷ್ಟು ಚುರುಕಾಗಿ ವರ್ತಿಸುವುದಿಲ್ಲ. ಆದ್ದರಿಂದ ಹೆಚ್ಚು ಬಿಸಿಯಾಗುವ ಪ್ಲಗ್ ಬೇಕು, ಸೂಜಿಯನ್ನು ಹೊಸದಾಗಿ ಹೊಂದಿಸಬೇಕು, ನೀರಿನಂಶ ಆದಷ್ಟು ಕಡಿಮೆ ಇರಬೇಕು. ಕಿಡಿ ಹಾರಿಸುವ ಎಂಜಿನ್ನಿಗೆ ಈ ತೊಡಕಿಲ್ಲ. ಬ್ರೆಜಿಲಿನಲ್ಲಿ ಹೊಲಗಳಿಗೆ ಔಷಧಿ ಸಿಂಪಡಿಸುವ ಇಪನೇಮಾ ಎಂಬ ನಿಜವಾದ ವಿಮಾನವೇ 2004ರಲ್ಲಿ ಎಥನಾಲಿನಿಂದ ಹಾರಲು ಅಧಿಕೃತ ಅನುಮತಿ ಪಡೆಯಿತು.

ಮಾದರಿ ಡೀಸೆಲ್ಲಿನ ದಾರಿ ಇನ್ನೂ ನೇರ. ಈಥರನ್ನು ಎಥನಾಲಿನಿಂದ ತಯಾರಿಸುತ್ತಾರೆ. ಸೀಮೆಎಣ್ಣೆಯ ಜಾಗಕ್ಕೆ ಹೊಂಗೆಯಂಥ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಹಾಕಬಹುದು. ಮೂರನೆಯದು ಹರಳೆಣ್ಣೆ. ತಾತ್ವಿಕವಾಗಿ ನೋಡಿದರೆ ಮೂರೂ ಗಿಡದಿಂದಲೇ ಬಂದಂತಾಯಿತು. ಬಯೋಡೀಸೆಲ್ ತಯಾರಿಕೆಗೆ ನೂರು ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಬೇಕು ಎಂಬುದನ್ನು ಮಾತ್ರ ಮರೆಯಬಾರದು. ಅಷ್ಟರ ಮಟ್ಟಿಗೆ ಅದು ಇನ್ನೂ ಕಲ್ಲಿದ್ದಲು ಮತ್ತು ಅನಿಲಗಳ ಋಣದಲ್ಲಿದೆ.

ಒಂದು ಎಚ್ಚರಿಕೆ. ಮೆಥನಾಲ್ ಘೋರ ವಿಷ. ಕೆಲವೇ ಚಮಚ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರನ್ನು ಕೊಂದ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ ಮೆಥನಾಲ್. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಈಥರಿನ ಆವಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಇವನ್ನು ಮನೆಯಲ್ಲಿ ತಯಾರಿಸುವ ಸಾಹಸಕ್ಕೆ ಯಾರೂ ಇಳಿಯಬಾರದು.

ಒಂದು ಹಾರಾಟದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಮಧ್ಯಮ ಗಾತ್ರದ ಒಂದು ಗ್ಲೋ ಎಂಜಿನ್ ಹತ್ತು ನಿಮಿಷದ ಹಾರಾಟಕ್ಕೆ ಸುಮಾರು 250 ಮಿಲಿಲೀಟರ್ ಇಂಧನ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 50 ಮಿಲಿಲೀಟರ್ ಹರಳೆಣ್ಣೆ, 200 ಮಿಲಿಲೀಟರ್ ಮೆಥನಾಲ್.

ಹರಳೆಣ್ಣೆಯ ಪಾಲಿಗೆ ಬೇಕಾಗುವ ಬೀಜ ಸುಮಾರು 120 ಗ್ರಾಂ. ಬೇಲಿಬದಿಯ ಗಿಡ ಅದನ್ನು ಕೊಟ್ಟೀತು. ಮೆಥನಾಲಿನ ಬದಲು ಅಷ್ಟೇ ಎಥನಾಲನ್ನು ಕಬ್ಬಿನ ಹಾಲಿನಿಂದ ನೇರವಾಗಿ ತೆಗೆದರೆ, ಟನ್ನಿಗೆ 70 ಲೀಟರಿನ ಲೆಕ್ಕದಲ್ಲಿ, ಸುಮಾರು 3 ಕಿಲೋ ಕಬ್ಬು ಬೇಕು. ಆ ಕಬ್ಬಿಗೆ ನೀರಾವರಿಯೂ ಬೇಕು.

ಇನ್ನು ಮರದಿಂದಲೇ ಮೆಥನಾಲ್ ತೆಗೆಯುವುದಾದರೆ? ಅದಕ್ಕೆ ‘ಮರದ ಮದ್ಯಸಾರ’ ಎಂಬ ಹೆಸರೇ ಇದೆ. ಗಾಳಿಯಿಲ್ಲದ ಪಾತ್ರೆಯಲ್ಲಿ ಮರವನ್ನು ಕಾಯಿಸಿ ಭಟ್ಟಿ ಇಳಿಸುವ ಹಳೆಯ ಕ್ರಮದಲ್ಲಿ ಒಣಮರದ ತೂಕದ ಶೇಕಡಾ ಒಂದರಿಂದ ಎರಡರಷ್ಟು ಮಾತ್ರ ಮೆಥನಾಲ್ ದೊರೆಯುತ್ತದೆ. ಅಂದರೆ ಹತ್ತು ನಿಮಿಷದ ಆಟಕ್ಕೆ 8ರಿಂದ 16 ಕಿಲೋ ಒಣಸೌದೆ. ಮಲೆನಾಡಿನ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಹೊತ್ತು ತರುವ ಹೊರೆಯಲ್ಲಿ ಇದು ಸಣ್ಣ ಪಾಲಲ್ಲ. ಮರವನ್ನು ಅನಿಲವಾಗಿಸಿ ಮೆಥನಾಲ್ ತಯಾರಿಸುವ ಈಗಿನ ಕ್ರಮದಲ್ಲಿ ಇಳುವರಿ ಹಲವು ಪಟ್ಟು ಹೆಚ್ಚು. ಆದರೆ ಅದಕ್ಕೆ ದೊಡ್ಡ ಸ್ಥಾವರ ಬೇಕು, ದೊಡ್ಡ ಸ್ಥಾವರಕ್ಕೆ ಎಡೆಬಿಡದೆ ಮರ ಬೇಕು.

ಇದು ಕಲ್ಪನೆಯ ಭಯವಲ್ಲ. ನಮ್ಮ ಜಿಲ್ಲೆಗಳು ಇದನ್ನು ಕಂಡಿವೆ. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಮರವನ್ನು ಭಟ್ಟಿ ಇಳಿಸುವ ಕೆಲಸ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಇತ್ತು. ಅದಿರು ಕರಗಿಸಲು ಇದ್ದಿಲು ಬೇಕಾಗಿತ್ತು. ಇದ್ದಿಲು ಮಾಡುವಾಗ ಏಳುವ ಆವಿಯಿಂದ ಮರದ ಮದ್ಯಸಾರ, ಅಸಿಟೇಟ್, ಡಾಂಬರುಗಳನ್ನು ತೆಗೆಯುತ್ತಿದ್ದರು. ಏನನ್ನೂ ವ್ಯರ್ಥ ಮಾಡದ ಜಾಣ ಏರ್ಪಾಡು ಅದು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಕಾರ್ಖಾನೆ ಎಂಬುದನ್ನೂ ನಾವು ಮರೆಯುವಂತಿಲ್ಲ. ಆದರೆ ಅದರ ಒಲೆಗೆ ಹೋದದ್ದು ಸುತ್ತಲಿನ ಕಾಡು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಅವಲಂಬನೆ ತಗ್ಗಿತು. ಇಂಧನ ಸಸ್ಯಮೂಲದ್ದಾಗಿತ್ತು; ಆದರೂ ಕಾಡು ಉಳಿಯಲಿಲ್ಲ.

ಬಡ್ಡಿ ಮತ್ತು ಅಸಲು

ಆದ್ದರಿಂದ ಸಸ್ಯಮೂಲದ ಇಂಧನಗಳಲ್ಲಿ ಎರಡು ಜಾತಿಯನ್ನು ನಾವು ಗುರುತಿಸಬೇಕು. ಬೀಜದಿಂದ ಬರುವ ಎಣ್ಣೆ ವರ್ಷದ ಬಡ್ಡಿಯಂತೆ. ಮರ ನಿಂತೇ ಇರುತ್ತದೆ. ಮರವನ್ನೇ ಸುಟ್ಟು ತೆಗೆಯುವ ಇಂಧನ ಅಸಲನ್ನು ಕರಗಿಸಿದಂತೆ. ಬಡ್ಡಿಯನ್ನೂ ಮಿತಿಮೀರಿ ಎತ್ತಬಾರದು. ಬಿದ್ದ ಬೀಜವನ್ನೆಲ್ಲ ಬಾಚಿದರೆ ಮುಂದಿನ ಸಸಿ ಏಳುವುದೆಲ್ಲಿಂದ?

ಕೃಷಿವಿಜ್ಞಾನದ ದೃಷ್ಟಿಯಿಂದ ಇನ್ನೊಂದು ಮಾತು ಹೇಳಬೇಕು. ಹರಳು ಒಳ್ಳೆಯದೆಂದು ಮಲೆನಾಡಿನಲ್ಲಿ ಎಕರೆಗಟ್ಟಲೆ ಬಿತ್ತಲು ಹೊರಡಬೇಡಿ. ಅದು ಒಣಹವೆಯ ಬೆಳೆ. ದೇಶದ ಹರಳಿನ ಬಹುಪಾಲು ಬರುವುದು ಗುಜರಾತಿನಿಂದ. ತೇವದ ಹವೆಯಲ್ಲಿ ಅದರ ಗೊನೆಗೆ ಬೂದು ಬೂಷ್ಟು ರೋಗ ತಗಲುತ್ತದೆ. 1918ರಲ್ಲಿ ಅಮೆರಿಕದ ಸೇನೆ ತನ್ನ ವಿಮಾನಗಳ ಎಣ್ಣೆಗಾಗಿ ಫ್ಲಾರಿಡಾ ಮುಂತಾದ ಕಡೆ ಹರಳು ಬಿತ್ತಿಸಿದಾಗ ಈ ರೋಗವೇ ಬೆಳೆಯನ್ನು ಹಾಳುಮಾಡಿತು. ನಮ್ಮ ತೋಟಗಳಿಗೆ ಹರಳಿನ ಹಿಂಡಿ ಉತ್ತಮ ಗೊಬ್ಬರವಾಗಿ ಬರುತ್ತಿದೆ, ಅಷ್ಟು ಸಂಬಂಧ ಸಾಕು. ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿದಿರುತ್ತದೆಯಾದ್ದರಿಂದ ದನಕರು, ನಾಯಿಗಳಿಗೆ ಸಿಗದಂತೆ ಅದನ್ನು ಮಣ್ಣಿನಲ್ಲಿ ಮುಚ್ಚಿರಿ.

ಪುಟ್ಟ ಎಂಜಿನ್ನಿನಿಂದ ದೊಡ್ಡ ವಿಮಾನಕ್ಕೆ ಹೋದರೆ ಲೆಕ್ಕ ಇನ್ನೊಂದೇ ಆಗುತ್ತದೆ. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಸ್ಪೈಸ್‌ಜೆಟ್ ವಿಮಾನವೊಂದು ಜಟ್ರೋಫಾ ಎಣ್ಣೆಯಿಂದ ತಯಾರಾದ ಇಂಧನವನ್ನು ಶೇಕಡಾ 25ರಷ್ಟು ಬೆರೆಸಿಕೊಂಡು ಹಾರಿತು. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ವಿಜ್ಞಾನಿಗಳ ಸಾಧನೆ ಅದು; ಅಭಿನಂದನಾರ್ಹವಾದದ್ದು. ಆದರೆ ಬೋಯಿಂಗ್ 737 ವಿಮಾನದ ಟ್ಯಾಂಕಿಗೆ ಸುಮಾರು 26,000 ಲೀಟರ್ ಹಿಡಿಯುತ್ತದೆ. ಅದು ನಮ್ಮ ಮಾದರಿ ವಿಮಾನದ ಟ್ಯಾಂಕಿನ ಒಂದು ಲಕ್ಷ ಪಟ್ಟು. ಬೇಲಿಬದಿಯ ಗಿಡ ಅಲ್ಲಿ ಸಾಲದು. ಅಲ್ಲಿಗೆ ಭೂಮಿ ಬೇಕು.

ಭೂಮಿ ಎಲ್ಲಿಂದ ಬರುತ್ತದೆ? 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಒಂದು ಕೋಟಿಗೂ ಹೆಚ್ಚು ಹೆಕ್ಟೇರಿನಲ್ಲಿ ಜಟ್ರೋಫಾ ಬೆಳೆಸುವ ಕನಸು ಕಂಡಿತು. ಪಾಳುಭೂಮಿಯಲ್ಲಿ ಬೆಳೆಯುತ್ತದೆ ಎಂದರು. ನೀರು ಗೊಬ್ಬರಗಳಿಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಮಾತ್ರ ಬಿಡಲಿಲ್ಲ. ಯೋಜನೆ ಗುರಿಯ ಹತ್ತಿರಕ್ಕೂ ಬರಲಿಲ್ಲ. ಕಾಗದದ ಮೇಲೆ ಪಾಳು ಎನಿಸಿಕೊಳ್ಳುವ ನೆಲ ಹಳ್ಳಿಯವರ ಪಾಲಿಗೆ ಗೋಮಾಳ, ಸೊಪ್ಪಿನಬೆಟ್ಟ, ಔಷಧಿಯ ಬೇರು, ಹೊದಿಕೆಯ ಹುಲ್ಲು. 1984ರಲ್ಲಿ ಸರ್ಕಾರ ಮತ್ತು ಖಾಸಗಿ ಉದ್ಯಮದ ಜಂಟಿ ಕಂಪನಿಯೊಂದಕ್ಕೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡಹೊರಟಾಗಲೂ ಇದೇ ಮಾತು ಕೇಳಿಬಂದಿತ್ತು. 1987ರ ನವೆಂಬರ್ 14ರಂದು ಕುಸನೂರಿನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟದ್ದು ಅದಕ್ಕೆ ಕೊಟ್ಟ ಉತ್ತರ. 2023ರಲ್ಲಿ ಸರ್ಕಾರ ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇಕಡಾ ಒಂದು, 2028ಕ್ಕೆ ಶೇಕಡಾ ಎರಡರಷ್ಟು ಬದಲಿ ಇಂಧನ ಬೆರೆಸುವ ಗುರಿಯನ್ನು ಪ್ರಕಟಿಸಿದೆ. ಬಳಸಿದ ಅಡುಗೆ ಎಣ್ಣೆ, ಬೆಳೆಯ ಉಳಿಕೆಗಳಿಂದ ಅದು ಬಂದರೆ ಸ್ವಾಗತಿಸೋಣ. ಬೆಟ್ಟದಿಂದ ಬರುವುದಾದರೆ ಗ್ರಾಮಸಭೆಯಲ್ಲಿ ಪ್ರಶ್ನಿಸೋಣ.

ವಿದ್ಯಾರ್ಥಿಗಳಿಗೆ ಒಂದು ಮಾತು

ಇಂದು ಹೆಚ್ಚಿನ ಮಾದರಿ ವಿಮಾನಗಳು ಬ್ಯಾಟರಿ ಮತ್ತು ವಿದ್ಯುತ್ ಮೋಟರಿನಿಂದ ಹಾರುತ್ತಿವೆ. ಹೊಗೆಯಿಲ್ಲ, ವಿಷವಿಲ್ಲ; ಕಲಿಯುವವರಿಗೆ ಅದೇ ಸುರಕ್ಷಿತ. ಆದರೆ ಬ್ಯಾಟರಿಯ ಲಿಥಿಯಂ, ಕೋಬಾಲ್ಟ್‌ಗಳೂ ಎಲ್ಲೋ ಒಂದು ಊರಿನ ನೆಲವನ್ನು ಅಗೆದೇ ಬಂದವು. ಗ್ಲೋ ಅಥವಾ ಡೀಸೆಲ್ ಎಂಜಿನ್ ಇರುವವರು ಹರಳೆಣ್ಣೆಯನ್ನು ಬಿಡದಿರಿ, ನೈಟ್ರೋಮೀಥೇನ್ ಬೇಡವೆನ್ನಿ, ಎಥನಾಲ್ ಮತ್ತು ಬಯೋಡೀಸೆಲ್ ಪ್ರಯೋಗಗಳನ್ನು ತಿಳಿದವರ ಮಾರ್ಗದರ್ಶನದಲ್ಲಿ ಮಾಡಿ. ಎಷ್ಟು ಇಂಧನ ಸುಟ್ಟಿತು, ಎಷ್ಟು ನಿಮಿಷ ಹಾರಿತು, ಆ ಇಂಧನದ ಹಿಂದೆ ಎಷ್ಟು ಬೀಜ, ಎಷ್ಟು ನೀರು, ಎಷ್ಟು ನೆಲ ಎಂದು ಪ್ರತಿಸಲ ಬರೆದಿಡಿ.

ನಾಳೆ ಯಾರಾದರೂ ‘ಹಸಿರು ಇಂಧನ’ ಎಂಬ ಫಲಕ ಹಿಡಿದು ನಿಮ್ಮ ಊರಿನ ಬೆಟ್ಟವನ್ನು ಕೇಳಲು ಬಂದಾಗ, ಆ ಪುಸ್ತಕವನ್ನು ಅವರ ಮುಂದೆ ಬಿಚ್ಚಿಡುವ ಧೈರ್ಯ ನಿಮಗಿರಲಿ.