ಬಾಗಿಲಾಚೆ ಉಳಿದವರು: ಅಮೇರಿಕದ ಸುಧಾರಣಾ ಚಳವಳಿಯ ಪಾಠ



ಅಮೇರಿಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶ್ರೀಮಂತಿಕೆ, ಯುದ್ಧ ಮತ್ತು ಬೃಹತ್ ಕಂಪೆನಿಗಳು. ಆದರೆ ಅದೇ ನೆಲದಲ್ಲಿ ಕಂಪೆನಿಗಳ ದಬ್ಬಾಳಿಕೆಯ ವಿರುದ್ಧ ಸಾಮಾನ್ಯ ರೈತರು ನಡೆಸಿದ ಹೋರಾಟದ ಇತಿಹಾಸವೂ ಇದೆ. ಅದರ ಗೆಲುವು ಮತ್ತು ಸೋಲು ಎರಡನ್ನೂ ನಾವಿಂದು ಪರಿಶೀಲಿಸೋಣ.

1880ರ ದಶಕದಲ್ಲಿ ಅಲ್ಲಿನ ರೈತರು ಸಾಲದಲ್ಲಿ ಮುಳುಗಿದ್ದರು. ದಕ್ಷಿಣದ ಹತ್ತಿ ಬೆಳೆಗಾರನು ಬೆಳೆ ಕೈಗೆ ಬರುವ ಮೊದಲೇ ಅದನ್ನು ಅಂಗಡಿಯ ಮಾಲಿಕನಿಗೆ ಅಡವಿಟ್ಟು ಹಿಟ್ಟು, ಬಟ್ಟೆ, ಗೊಬ್ಬರವನ್ನು ಸಾಲವಾಗಿ ತರುತ್ತಿದ್ದನು. ಹತ್ತಿಯ ಬೆಲೆ ಕುಸಿಯುತ್ತಿತ್ತು, ಬಡ್ಡಿ ಮಾತ್ರ ಕುಸಿಯುತ್ತಿರಲಿಲ್ಲ. ಪಶ್ಚಿಮದ ಗೋಧಿ ಬೆಳೆಗಾರನು ಸಾಗಾಟದ ದರಕ್ಕಾಗಿ ರೈಲ್ವೆ ಕಂಪೆನಿಗಳ ಮರ್ಜಿ ಕಾಯಬೇಕಾಗಿತ್ತು.

ಈ ಸಂಕಟವೇ ಜನತಾ ಪಕ್ಷವೊಂದಕ್ಕೆ ಜನ್ಮ ನೀಡಿತು. ಅದು ‘ಪೀಪಲ್ಸ್ ಪಾರ್ಟಿ’. 1892ರ ಜುಲೈಯಲ್ಲಿ ಒಮಾಹಾ ನಗರದಲ್ಲಿ ಅದು ತನ್ನ ಪ್ರಣಾಳಿಕೆಯನ್ನು ಮಂಡಿಸಿತು. ಆದಾಯಕ್ಕೆ ತಕ್ಕಂತೆ ಏರುವ ತೆರಿಗೆ, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ಹಕ್ಕು, ರೈಲ್ವೆಯ ರಾಷ್ಟ್ರೀಕರಣ, ಗುಪ್ತ ಮತದಾನ ಅದರ ಬೇಡಿಕೆಗಳಾಗಿದ್ದವು. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಹತ್ತು ಲಕ್ಷಕ್ಕಿಂತ ಅಧಿಕ ಮತಗಳು ದೊರೆತವು. 1896ರಲ್ಲಿ ಡೆಮಾಕ್ರಟಿಕ್ ಪಕ್ಷದ ವಿಲಿಯಮ್ ಜೆನ್ನಿಂಗ್ಸ್ ಬ್ರಯಾನ್‌ರನ್ನು ಬೆಂಬಲಿಸಿ ಸೋತ ಬಳಿಕ ಪಕ್ಷವು ಕ್ಷೀಣಿಸಿತು. ಆದರೆ ಬೇಡಿಕೆಗಳು ಸಾಯಲಿಲ್ಲ. ಮುಂದೆ ಬಂದ ಪ್ರಗತಿಪರ ಸುಧಾರಕರು ಅವುಗಳಲ್ಲಿ ಹಲವನ್ನು ಕೈಗೆತ್ತಿಕೊಂಡರು. 1906ರಲ್ಲಿ ಕಲಬೆರಕೆ ಆಹಾರ ಮತ್ತು ಔಷಧಿಗಳ ವಿರುದ್ಧ ಕಾನೂನು ಬಂತು. 1911ರಲ್ಲಿ ಸುಪ್ರೀಂ ಕೋರ್ಟು ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯನ್ನು ಒಡೆಯಲು ಆದೇಶಿಸಿತು. 1913ರಲ್ಲಿ ಆದಾಯ ತೆರಿಗೆ ಮತ್ತು ಸೆನೆಟರುಗಳ ನೇರ ಚುನಾವಣೆ ಸಂವಿಧಾನದ ಭಾಗವಾದವು. 1920ರಲ್ಲಿ ಮಹಿಳೆಯರ ಮತದಾನದ ಹಕ್ಕು ಸಂವಿಧಾನದಲ್ಲಿ ಸೇರಿತು.

ಇವು ಸಣ್ಣ ಸಾಧನೆಗಳಲ್ಲ. ಆದರೆ ಈ ಸುಧಾರಣೆಯ ಬಾಗಿಲಾಚೆ ಉಳಿದವರು ಯಾರು?

ಜಾರ್ಜಿಯಾದ ನಾಯಕ ಟಾಮ್ ವಾಟ್ಸನ್ 1892ರಲ್ಲಿ ಒಂದು ಸತ್ಯವನ್ನು ಹೇಳಿದ್ದರು. ಬಿಳಿಯ ಮತ್ತು ಕರಿಯ ರೈತರನ್ನು ಪರಸ್ಪರ ದ್ವೇಷಿಸುವಂತೆ ಮಾಡಿರುವುದೇ ಇಬ್ಬರನ್ನೂ ದೋಚಲಿಕ್ಕೆ ಎಂಬುದು ಅವರ ವಾದದ ಸಾರ. ನಾರ್ತ್ ಕ್ಯಾರೊಲಿನಾದಲ್ಲಿ ಇಂತಹ ಐಕ್ಯವು ಅಧಿಕಾರಕ್ಕೂ ಬಂತು. ಆಗ ಭೂಮಾಲಿಕರು ಮತ್ತು ವ್ಯಾಪಾರಿಗಳ ಬೆಂಬಲವಿದ್ದ ಹಳೆಯ ರಾಜಕಾರಣವು ತನ್ನ ಕೊನೆಯ ಅಸ್ತ್ರವನ್ನು ಹೊರತೆಗೆಯಿತು. ಅದೇ ಜನಾಂಗ ದ್ವೇಷ. 1898ರ ನವೆಂಬರಿನಲ್ಲಿ ವಿಲ್ಮಿಂಗ್ಟನ್ ನಗರದಲ್ಲಿ ಶಸ್ತ್ರಧಾರಿ ಗುಂಪು ಕರಿಯರನ್ನು ಕೊಂದು, ನಗರಾಡಳಿತವನ್ನು ಬಲವಂತದಿಂದ ಕಿತ್ತೆಸೆಯಿತು.

ಬಂದೂಕಿನ ಬಳಿಕ ಕಾನೂನು ಬಂತು. ಮತದಾನಕ್ಕೆ ತಲೆಗಂದಾಯ ಮತ್ತು ಅಕ್ಷರ ಪರೀಕ್ಷೆಯ ಷರತ್ತು ಹಾಕಲಾಯಿತು. ಲೂಯಿಸಿಯಾನಾದಲ್ಲಿ 1896ರಲ್ಲಿ ಸುಮಾರು 1 ಲಕ್ಷ 30 ಸಾವಿರವಿದ್ದ ಕರಿಯ ಮತದಾರರ ಸಂಖ್ಯೆ 1904ರ ವೇಳೆಗೆ ಎರಡು ಸಾವಿರಕ್ಕಿಂತಲೂ ಕೆಳಗಿಳಿಯಿತು. ವಿಪರ್ಯಾಸವೆಂದರೆ ಇದನ್ನೂ ಚುನಾವಣೆಯ ಶುದ್ಧೀಕರಣ, ಸುಧಾರಣೆ ಎಂದೇ ಕರೆಯಲಾಯಿತು! ಆದರೆ ಆ ಬಲೆ ಬಡ ಬಿಳಿಯರನ್ನೂ ಬಿಡಲಿಲ್ಲ. ತಲೆಗಂದಾಯ ಕಟ್ಟಲಾಗದ ಬಿಳಿಯ ರೈತನೂ ಮತಗಟ್ಟೆಯಿಂದ ಹೊರಬಿದ್ದನು. ಕರಿಯನ ಹಕ್ಕು ಹೋದಾಗ ಮೌನವಾಗಿದ್ದವನಿಗೆ ತನ್ನ ಹಕ್ಕು ಹೋದಾಗ ಜೊತೆ ನಿಲ್ಲುವವರಿರಲಿಲ್ಲ.

ಪ್ರಗತಿಪರರೆನಿಸಿದ ಅಧ್ಯಕ್ಷ ವುಡ್ರೊ ವಿಲ್ಸನ್‌ರ ಕಾಲದಲ್ಲಿ, 1913ರಿಂದ, ಕೇಂದ್ರ ಸರಕಾರದ ಕಚೇರಿಗಳಲ್ಲಿಯೇ ಕರಿಯ ನೌಕರರನ್ನು ಪ್ರತ್ಯೇಕಿಸಲಾಯಿತು. ಒಂದು ಕೈ ತೆರಿಗೆಯಲ್ಲಿ ನ್ಯಾಯವನ್ನು ಬರೆಯುತ್ತಿದ್ದಾಗ ಇನ್ನೊಂದು ಕೈ ಮೇಜುಗಳ ನಡುವೆ ಗೋಡೆ ಕಟ್ಟುತ್ತಿತ್ತು. ಇನ್ನು ಟಾಮ್ ವಾಟ್ಸನ್? ಅವರು ತನ್ನ ಮಾತನ್ನು ತಾನೇ ತೊರೆದು ಕರಿಯರ, ಕ್ಯಾಥೊಲಿಕರ ಮತ್ತು ಯಹೂದಿಗಳ ವಿರುದ್ಧ ವಿಷ ಕಾರಿದರು. 1920ರಲ್ಲಿ ಅವರು ಸೆನೆಟಿಗೆ ಆಯ್ಕೆಯಾದರು. ಜನಪರ ಘೋಷಣೆಯು ದ್ವೇಷದ ಘೋಷಣೆಯಾಗಿ ಬದಲಾಗಲು ನಾಯಕನು ಬದಲಾಗಬೇಕಿಲ್ಲ, ಅವನು ತೋರಿಸುವ ಶತ್ರು ಬದಲಾದರೆ ಸಾಕು. ಬಡ್ಡಿ ವಸೂಲು ಮಾಡುವವನ ಕಡೆಗೆ ಚಾಚಿದ್ದ ಬೆರಳು ನೆರೆಯವನ ಕಡೆಗೆ ತಿರುಗಿದಾಗ ನಿಟ್ಟುಸಿರು ಬಿಡುವವನು ಯಾರೆಂದು ಹೇಳಬೇಕಾಗಿಲ್ಲ.

ಕಸಿದ ಮತವು ಮರಳಿ ಸಿಗಲು 1965ರ ಮತದಾನ ಹಕ್ಕು ಕಾಯ್ದೆಯ ತನಕ ಕಾಯಬೇಕಾಯಿತು. ಎರಡು ತಲೆಮಾರುಗಳು ಕಳೆದುಹೋದವು!

ಬಂಧುಗಳೇ, ಸುಧಾರಣೆಯ ಪಟ್ಟಿಯನ್ನು ಯಾರಾದರೂ ನಮ್ಮ ಮುಂದೆ ಹಿಡಿದಾಗ ಅದರಲ್ಲಿ ಏನಿದೆ ಎಂದಷ್ಟೇ ಕೇಳಿದರೆ ಸಾಲದು. ಅದರಲ್ಲಿ ಯಾರಿಲ್ಲ ಎಂದೂ ಕೇಳಬೇಕು. ಹೊರಗುಳಿದವರು ನಾವಲ್ಲದಿದ್ದಾಗಲೂ ಕೇಳಬೇಕು. ಅಮೇರಿಕದ ಬಿಳಿಯ ರೈತನು ಅಂದು ಕೇಳದೆ ಹೋದ ಪ್ರಶ್ನೆಯೇ ಅದು.